ಬಸ್ಸು ಫ್ರೀ, ಹೊತ್ತು ಫ್ರೀ ಅಲ್ಲ!

ಶಿವಮೊಗ್ಗ: ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಚಿಂತೆ 2023ರ ಜೂನ್‌ನಲ್ಲೇ ತಪ್ಪಿತು. (ಖಾಸಗಿ ಬಸ್ಸೇ ಗತಿಯಾದ ಮಲೆನಾಡಿನ ರೂಟುಗಳಲ್ಲಿ ಕಂಡಕ್ಟರ್ ಈಗಲೂ ಕೈಚಾಚುತ್ತಾನೆ, ಅದು ಬೇರೆ ಮಾತು.) ಆದರೆ ದಿನಾ ರಸ್ತೆಯ ಮೇಲೆ ಕಳೆದುಹೋಗುವ ಹೊತ್ತನ್ನು ವಾಪಸು ಕೊಡುವವರು ಯಾರು? ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ ಶಿವಮೊಗ್ಗ ಪೇಟೆಯಿಂದಲೇ 28 ಕಿಲೋಮೀಟರ್. ಸಾಗರ, ಹೊಸನಗರ ಕಡೆಯ ಹುಡುಗರ ಪಾಡಂತೂ ಕೇಳುವುದೇ ಬೇಡ.

ಈ ಹೊತ್ತಿನಲ್ಲಿ ಒಂದಿಷ್ಟನ್ನು ಉಳಿಸುವ ದಾರಿಯನ್ನು ದಿಲ್ಲಿಯವರು ಆಗಲೇ ಮಾಡಿಟ್ಟಿದ್ದಾರೆ. ‘ಸ್ವಯಂ’ ಎಂಬ ಆನ್‌ಲೈನ್ ಪಾಠದ ವ್ಯವಸ್ಥೆ ಶುರುವಾದದ್ದು 2017ರ ಜುಲೈನಲ್ಲಿ. ಹೆಸರು ಬರೆಸಿ ಪಾಠ ಕೇಳಲು ಕಾಸಿಲ್ಲ. ಸರ್ಟಿಫಿಕೇಟ್ ಬೇಕಾದವರು ಮಾತ್ರ ಶುಲ್ಕ ಕಟ್ಟಿ, ಪರೀಕ್ಷಾ ಕೇಂದ್ರಕ್ಕೇ ಹೋಗಿ ಬರೆಯಬೇಕು. ‘ಮನೇಲಿ ಕೂತು ನಕಲು ಹೊಡೀತಾರೆ ಬಿಡ್ರಿ’ ಅನ್ನುವವರಿಗೆ ಇದೇ ಉತ್ತರ.

ಅಸಲು ಲಾಭ ಇನ್ನೊಂದಿದೆ. ಹೀಗೆ ಓದಿ ಪಾಸಾದದ್ದು ಡಿಗ್ರಿಯ ಲೆಕ್ಕಕ್ಕೂ ಬರುತ್ತದೆ. ಯುಜಿಸಿ 2016ರಲ್ಲಿ ಒಂದು ಸೆಮಿಸ್ಟರಿನ ವಿಷಯಗಳಲ್ಲಿ ಶೇ. 20ರಷ್ಟಕ್ಕೆ ಈ ಅವಕಾಶ ಕೊಟ್ಟಿತ್ತು; 2021ರಲ್ಲಿ ಅದನ್ನು ಶೇ. 40ಕ್ಕೆ ಏರಿಸಿತು. ಅಂದರೆ ಐದು ವಿಷಯವಿದ್ದರೆ ಎರಡು! ತನ್ನ ಕಾಲೇಜಿನಲ್ಲಿ ಮೇಷ್ಟ್ರೇ ಇಲ್ಲದ ವಿಷಯವನ್ನು ಹೊಸನಗರದ ಹುಡುಗಿ ಮದ್ರಾಸ್ ಐಐಟಿಯ ಮೇಷ್ಟ್ರಿಂದ ಕಲಿಯಬಹುದು. ತಿಳಿಯದಿದ್ದರೆ ಅದೇ ಪಾಠವನ್ನು ನಾಲ್ಕು ಸಲ ಹಾಕಿ ಕೇಳಬಹುದು. ಕ್ಲಾಸಿನಲ್ಲಿ ಎದ್ದು ನಿಂತು ಕೇಳಲು ನಾಚುವವರಿಗೆ ಇದು ಸಣ್ಣ ಅನುಕೂಲವಲ್ಲ. ಹಗಲು ಅಂಗಡಿಯಲ್ಲಿ ದುಡಿಯುವ ಹುಡುಗ ಷಟರ್ ಎಳೆದ ಮೇಲೆ ಓದಬಹುದು.

ಉಪನ್ಯಾಸಕರಿಗೂ ಲಾಭವುಂಟು. ಬಡ್ತಿಗೆ ಬೇಕಾದ ರಿಫ್ರೆಶರ್ ಕೋರ್ಸಿಗೆ ಹಿಂದೆ ಪಾಠ ಬಿಟ್ಟು ಪರವೂರಿಗೆ ಹೋಗಬೇಕಿತ್ತು. 2018ರಲ್ಲಿ ಬಂದ ‘ಅರ್ಪಿತ್’ ಅದನ್ನೂ ಸ್ವಯಂಗೆ ತಂದಿತು. ಹಾಗೆಂದು ಎಲ್ಲರಿಗೂ ಖುಷಿಯೇ ಎಂದೇನಿಲ್ಲ. ಪಾಠ ಫೋನಿಗೆ ಬಂದರೆ ತಮ್ಮ ಪೀರಿಯಡ್ಡಿಗೇ ಕತ್ತರಿ ಎಂಬುದು ಅತಿಥಿ ಉಪನ್ಯಾಸಕರ ಭಯ. ಅದನ್ನು ಸುಳ್ಳು ಎನ್ನುವಂತಿಲ್ಲ. ಆದರೆ ಸ್ವಯಂ ಓದುವ ಮಕ್ಕಳಿಗೆ ಮಾರ್ಗದರ್ಶಕರಾಗಿ ಒಬ್ಬ ಉಪನ್ಯಾಸಕರನ್ನು ಕಾಲೇಜು ನೇಮಿಸಬೇಕೆಂದು ಯುಜಿಸಿ ನಿಯಮವೇ ಹೇಳುತ್ತದೆ. ಬಹುಪಾಲು ಪಾಠ ಇಂಗ್ಲಿಷಿನಲ್ಲಿರುವಾಗ, ಕನ್ನಡದಲ್ಲಿ ಬಿಡಿಸಿ ಹೇಳುವವರಿಲ್ಲದೆ ನಡೆಯುವುದುಂಟೇ? ಆ ದುಡಿಮೆಯನ್ನು ಪೀರಿಯಡ್ಡಿನ ಲೆಕ್ಕಕ್ಕೆ ಹಿಡಿದರೆ ಅರ್ಧ ಜಗಳ ಮುಗಿಯಿತು.

ಇನ್ನು ನೆಟ್‌ವರ್ಕ್. 2020ರ ಲಾಕ್‌ಡೌನಿನಲ್ಲಿ ಸಿಗ್ನಲ್ಲಿಗಾಗಿ ಮಕ್ಕಳು ಗುಡ್ಡ ಹತ್ತಿದ್ದನ್ನು ಮಲೆನಾಡು ಮರೆತಿಲ್ಲ. ಇದಕ್ಕೂ ನಿಯಮದಲ್ಲೇ ಮದ್ದಿದೆ: ಕಂಪ್ಯೂಟರು, ಲ್ಯಾಬು, ಲೈಬ್ರರಿಯನ್ನು ಕಾಲೇಜು ಪುಕ್ಕಟೆಯಾಗಿ ಒದಗಿಸಬೇಕು. ಅಡ್ಮಿಷನ್ ಕೌಂಟರಿನಲ್ಲಿ ಫೀಜು, ಹಾಸ್ಟೆಲು ವಿಚಾರಿಸುವ ತಂದೆತಾಯಿ ಇನ್ನೆರಡು ಪ್ರಶ್ನೆ ಸೇರಿಸಲಿ. ಸ್ವಯಂನ ಯಾವ ವಿಷಯಗಳನ್ನು ನೀವು ಒಪ್ಪುತ್ತೀರಿ? ಲ್ಯಾಬಿನ ಬಾಗಿಲು ಸಂಜೆ ಎಷ್ಟು ಗಂಟೆವರೆಗೆ ತೆರೆದಿರುತ್ತದೆ?