ಜಡ್ಡಿ ‘ಸುಮ್ನೆ’ ಬಿದ್ದಿಲ್ಲ

1/4
“ಜಡ್ಡಿ ಸುಮ್ನೆ ಬಿದ್ದಿದೆ, ನೀರು ಬಸಿದ್ರೆ ಚಲೋ ತೋಟ ಆಗ್ತದೆ.” ನಮ್ಮ ಕಡೆ ಈ ಮಾತು ಕೇಳದವರು ಯಾರು? ಆ ‘ಸುಮ್ನೆ’ ಅನ್ನೋ ಪದದ ಮೇಲೇ ನನ್ನ ಜಗಳ.

ರಾಮಪತ್ರೆ ಜಡ್ಡಿ ಅಂದ್ರೆ ಕಾನಿನ ತಗ್ಗಲ್ಲಿ ವರ್ಷವಿಡೀ ನೀರು, ಕೆಸರು ಇರೋ ಕಾಡು. ಫೋಟೋದಲ್ಲಿ ಮೊಣಕಾಲು ಮಡಚಿದ ಹಾಗೆ ಕಾಣೋದು ಬೇರು. ಕೆಸರೊಳಗೆ ಗಾಳಿ ಸಾಲದೆ ಉಸಿರಾಡೋಕೆ ಮೇಲೆ ಬಂದಿದೆ. 2000ದಲ್ಲಿ ವಿಜ್ಞಾನಿಗಳು ಹೊಸ ಮರವೊಂದಕ್ಕೆ ಹೆಸರಿಟ್ರು: ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಅದು ಸಿಕ್ಕಿದ್ದು ನಮ್ಮ ಸಿದ್ದಾಪುರ ತಾಲೂಕಿನ ಕತ್ತಲೆಕಾನಿನಲ್ಲಿ. ‘ಸುಮ್ನೆ’ ಬಿದ್ದಿರೋ ಇಂಥದೇ ಜಾಗದಲ್ಲಿ!

2/4
ಈಗ ದುಡ್ಡಿನ ಮಾತು. ಜಡ್ಡಿ ಮಳೆನೀರು ಹಿಡಿದಿಟ್ಟು ಬೇಸಿಗೆಯಲ್ಲಿ ಸ್ವಲ್ಪ ಸ್ವಲ್ಪ ಬಿಡತ್ತೆ. ನಮ್ಮ ತೋಟಕ್ಕೆ ಬರೋದು ಆ ಹಳ್ಳದ ನೀರೇ. ಬೋರಿಲ್ಲ, ಪಂಪಿಲ್ಲ, ಬಿಲ್ಲೂ ಇಲ್ಲ. ಬಿಲ್ಲಿಲ್ಲ ಅಂತ ಬೆಲೆಯೇ ಇಲ್ಲ ಅಂದ್ಕೊಂಡ್ವಿ. ಜಡ್ಡಿ ಹೋದ ದಿನ ಅದೇ ನೀರಿಗೆ ಅಪ್ಪ ಬೋರ್‌ವೆಲ್ ಸಾಲ ಮಾಡ್ಬೇಕು. ತೋಟದ ಲಾಭ ಮೇಲಿನವನಿಗೆ, ಖರ್ಚು ಕೆಳಗಿನವನಿಗೆ.

3/4
ಕ್ಲಾಸ್‌ಮೇಟ್ಸ್, ಅಂಗಡಿ ಮಾರಿ ಬಂದ ದುಡ್ಡನ್ನ ಈ ವರ್ಷದ ಆದಾಯ ಅಂತ ಬರೆದ್ರೆ ಮೇಡಂ ಎಷ್ಟು ಮಾರ್ಕ್ಸ್ ಕೊಡ್ತಾರೆ? ಸೊನ್ನೆ. ಜಿಡಿಪಿ ಮಾಡೋದೂ ಅದನ್ನೇ. ಮರ ಮಾರಿದ್ರೆ ಸೇರಿಸ್ತದೆ, ಅಡಿಕೆ ಮಾರಿದ್ರೆ ಸೇರಿಸ್ತದೆ, ಕೊನೆಗೆ ಬೋರ್ ಕೊರೆಸಿದ್ದನ್ನೂ ಸೇರಿಸ್ತದೆ! ಕಳೆದುಹೋದ ಜಡ್ಡಿಯನ್ನ ಮಾತ್ರ ಕಳೆಯಲ್ಲ.

“ಬೇರೆ ಕಡೆ ಗಿಡ ನೆಡ್ತೀವಲ್ಲ” ಅಂತಾರೆ. ಗುಡ್ಡದ ಮೇಲೆ ಅಕೇಶಿಯಾ ನೆಟ್ರೆ ಜಡ್ಡಿ ಆಗತ್ತಾ? ಹಸು ಮಾರಿ, ಬದಲಿಗೆ ಹಸುವಿನ ಫೋಟೋ ತಂದ ಹಾಗೆ.

4/4
ರೈತರನ್ನ ಬೈಯೋದು ಸುಲಭ. ನಾನು ಬೈಯಲ್ಲ, ನಮ್ಮ ತೋಟವೂ ಒಂದು ಕಾಲದಲ್ಲಿ ಜಡ್ಡಿಯೇ ಆಗಿತ್ತಂತೆ. ಅಡಿಕೆ ಬೆಳೆದ್ರೆ ದುಡ್ಡು, ನೀರು ಉಳಿಸಿದ್ರೆ ಸೊನ್ನೆ ಅಂದಾಗ ಯಾರಾದ್ರೂ ಅಡಿಕೆಯನ್ನೇ ಆರಿಸ್ತಾರೆ. ಬದಲಾಗಬೇಕಾದ್ದು ಆ ಸೊನ್ನೆ. ಪಕ್ಕದ ಕೇರಳ 2020ರಲ್ಲಿ, ಗದ್ದೆಯನ್ನ ಗದ್ದೆಯಾಗೇ ಉಳಿಸಿಕೊಂಡವರಿಗೆ ಹೆಕ್ಟೇರಿಗೆ ವರ್ಷಕ್ಕೆ 2,000 ರೂಪಾಯಿ ಕೊಡೋಕೆ ಶುರು ಮಾಡ್ತು. ಮೊತ್ತ ಸಣ್ಣದು, ಆದ್ರೆ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲು ಬಂತು. ನಮ್ಮ ಜಡ್ಡಿ ಹೆಚ್ಚಾಗಿ ಅರಣ್ಯದ ಜಾಗ. ಹಾಗಿದ್ರೆ ಅದನ್ನ ಕಾಯ್ದ ಊರಿನ ಗ್ರಾಮ ಅರಣ್ಯ ಸಮಿತಿಗೆ ವರ್ಷವರ್ಷ ದುಡ್ಡು ಬರಲಿ. ಇದು ದಾನ ಅಲ್ಲ, ಇಷ್ಟು ವರ್ಷ ಕಟ್ಟದೇ ಇದ್ದ ನೀರಿನ ಬಿಲ್ಲು.

ನಿಮ್ಮೂರಿನ ಹಳ್ಳ ಎಲ್ಲಿಂದ ಬರ್ತದೆ? ಈ ಭಾನುವಾರ ಅದರ ಜೊತೆ ಮೇಲಕ್ಕೆ ನಡೆದು ನೋಡಿ, ಫೋಟೋ ಹಾಕಿ, ನನ್ನ ಟ್ಯಾಗ್ ಮಾಡಿ.

#ರಾಮಪತ್ರೆಜಡ್ಡಿ #ಜಡ್ಡಿಯಲೆಕ್ಕ #ಸಿದ್ದಾಪುರ