ಗೊರಕೆಯ ವಿಷಯವನ್ನೂ ವೈದ್ಯರಿಗೆ ಹೇಳಬೇಕು

ಅರಿವಳಿಕೆ ಕೊಟ್ಟ ಮೇಲೆ ರೋಗಿಗೆ ಏನೂ ತಿಳಿಯುವುದಿಲ್ಲ. ಹಾಗಿದ್ದೂ ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೇ ನೋವಿನ ಔಷಧಿ ಏಕೆ ಕೊಡುತ್ತಾರೆ? ಜೀವಶಾಸ್ತ್ರ ಓದುವ ವಿದ್ಯಾರ್ಥಿಗಳಿಗೆ ಸಹಜವಾಗಿಯೇ ಬರುವ ಪ್ರಶ್ನೆ ಇದು. ಎಚ್ಚರ ತಪ್ಪಿದರೂ ನರಗಳು ಕೆಲಸ ನಿಲ್ಲಿಸುವುದಿಲ್ಲ. ಗಾಯದ ಸಂದೇಶ ಬೆನ್ನುಹುರಿಯ ಮೂಲಕ ಮಿದುಳಿಗೆ ಹೋಗುತ್ತಲೇ ಇರುತ್ತದೆ. ಎದೆಬಡಿತ, ರಕ್ತದೊತ್ತಡ ಏರುತ್ತವೆ. ಇದನ್ನು ತಡೆಯಲು ಬಳಸುವ ಮುಖ್ಯ ಔಷಧಿಗಳೇ ಓಪಿಯಾಯ್ಡ್‌ಗಳು.

ಅಫೀಮಿನಿಂದ ಬರುವ ಮಾರ್ಫೀನ್ ಇವುಗಳಲ್ಲಿ ಹಳೆಯದು. ಬೆಲ್ಜಿಯಂನ ಪೌಲ್ ಜಾನ್ಸೆನ್ 1960ರ ಸುಮಾರಿಗೆ ಪ್ರಯೋಗಾಲಯದಲ್ಲಿ ತಯಾರಿಸಿದ ಫೆಂಟನಿಲ್ ಅದಕ್ಕಿಂತ ಸುಮಾರು 100 ಪಟ್ಟು ಪ್ರಬಲ.

ತೂಕ ಇಳಿಸಲು ಜಠರವನ್ನು ಕಿರಿದುಗೊಳಿಸುವ ಶಸ್ತ್ರಚಿಕಿತ್ಸೆಯಲ್ಲಿ ಈ ಔಷಧಿಗಳ ಅಳತೆ ಬಹಳ ನಾಜೂಕಿನದು. ಸ್ಥೂಲಕಾಯದವರಲ್ಲಿ ಅನೇಕರಿಗೆ ನಿದ್ದೆಯಲ್ಲಿ ಗಂಟಲಿನ ದಾರಿ ಮುಚ್ಚಿಕೊಂಡು ಉಸಿರು ಆಗಾಗ ನಿಲ್ಲುತ್ತದೆ. ಓಪಿಯಾಯ್ಡ್‌ಗಳು ಮಿದುಳಿನ ಉಸಿರಾಟದ ಕೇಂದ್ರವನ್ನೇ ನಿಧಾನಗೊಳಿಸುತ್ತವೆ. ಎರಡೂ ಸೇರಿದರೆ ಜೀವಕ್ಕೇ ಅಪಾಯ. ಹಾಗೆಂದು ನೋವನ್ನು ಸಹಿಸಿಕೊಂಡಿರಲಿ ಎನ್ನುವಂತೆಯೂ ಇಲ್ಲ. ನೋವಿರುವವರು ದೀರ್ಘವಾಗಿ ಉಸಿರೆಳೆಯುವುದಿಲ್ಲ, ಎದ್ದು ನಡೆಯುವುದಿಲ್ಲ. ಅದರಿಂದ ಶ್ವಾಸಕೋಶದ ತೊಂದರೆ, ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಭಯ.

ರೆಮಿಫೆಂಟನಿಲ್ ಎಂಬ ಔಷಧಿಯ ಪರಿಣಾಮ, ಕೊಡುವುದನ್ನು ನಿಲ್ಲಿಸಿದ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಉಸಿರಾಟಕ್ಕೆ ಇದು ಅನುಕೂಲ. ಆದರೆ ರೋಗಿ ಏಳುವ ಮೊದಲೇ ಬೇರೆ ನೋವುನಿವಾರಕ ಕೊಟ್ಟಿರಬೇಕು. ಇದರ ಪ್ರಮಾಣ ಹೆಚ್ಚಾದರೆ ನರಗಳು ಇನ್ನಷ್ಟು ಸೂಕ್ಷ್ಮವಾಗಿ, ಆಮೇಲಿನ ನೋವು ಹೆಚ್ಚುವುದೂ ಉಂಟು.

ಓಪಿಯಾಯ್ಡ್‌ಗಳನ್ನು ಪೂರ್ತಿ ಬಿಟ್ಟರೆ ಹೇಗೆ? ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ಒಳಗಾದ 119 ಮಂದಿಯ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಓಪಿಯಾಯ್ಡ್‌ಸಹಿತ ವಾಡಿಕೆಯ ಅರಿವಳಿಕೆ ಪಡೆದವರಲ್ಲಿ ಶೇ. 37ರಷ್ಟು ಮಂದಿಗೆ ವಾಕರಿಕೆ, ವಾಂತಿ ಕಾಣಿಸಿದರೆ, ಅವಿಲ್ಲದ ವಿಧಾನದಲ್ಲಿ ಶೇ. 20 ಮಂದಿಗೆ ಮಾತ್ರ. ಆದರೆ ಬೇರೆ ದೊಡ್ಡ ಶಸ್ತ್ರಚಿಕಿತ್ಸೆಗಳ ಕುರಿತು ಫ್ರಾನ್ಸಿನಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಬದಲಿಗೆ ಕೊಟ್ಟ ಡೆಕ್ಸ್‌ಮೆಡೆಟೊಮಿಡಿನ್‌ನಿಂದ ಕೆಲವರ ಎದೆಬಡಿತ ತೀರಾ ಇಳಿಯಿತು. ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಆದ್ದರಿಂದ ಪ್ಯಾರಾಸಿಟಮಾಲ್, ಗಾಯದ ಜಾಗಕ್ಕೆ ಮರಗಟ್ಟಿಸುವ ಚುಚ್ಚುಮದ್ದು ಮುಂತಾದವನ್ನು ಜೊತೆಗಿಟ್ಟು, ಓಪಿಯಾಯ್ಡ್‌ಗಳನ್ನು ಸಾಧ್ಯವಾದಷ್ಟು ಕಡಿಮೆ ಬಳಸುವುದೇ ಹಲವು ತಜ್ಞರ ದಾರಿ.

ಈ ಅಳತೆ ಸರಿಯಾಗಲು ಮನೆಯವರ ನೆರವೂ ಬೇಕು. ಗೊರಕೆ ಹೊಡೆಯುವವರಿಗೆ ತಮ್ಮ ಗೊರಕೆ ಗೊತ್ತಿರುವುದಿಲ್ಲ. ಪರೀಕ್ಷೆಗೆಂದು ತಡರಾತ್ರಿಯವರೆಗೆ ಓದುವ ಮಕ್ಕಳಿಗೆ, ಪಕ್ಕದ ಕೋಣೆಯಲ್ಲಿ ಅಪ್ಪನ ಗೊರಕೆ ಥಟ್ಟನೆ ನಿಂತು, ಏದುಸಿರಿನೊಂದಿಗೆ ಮತ್ತೆ ಶುರುವಾದದ್ದು ಕೇಳಿಸಿರಬಹುದು. ನಗೆಯಾಡಿ ಬಿಡುವ ಮಾತಲ್ಲ ಅದು. ಅರಿವಳಿಕೆ ತಜ್ಞರಿಗೆ ಮೊದಲೇ ತಿಳಿಸಬೇಕಾದ ಸಂಗತಿ. ಸೇವಿಸುತ್ತಿರುವ ಮಾತ್ರೆಗಳನ್ನೂ ಮದ್ಯದ ಅಭ್ಯಾಸವಿದ್ದರೆ ಅದನ್ನೂ ಮುಚ್ಚಿಡಬಾರದು. ಮನೆಗೆ ಬಂದ ಮೇಲೆ ಐಬುಪ್ರೊಫೆನ್‌ನಂಥ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ನುಂಗಬಾರದು. ಹೊಸದಾಗಿ ಹೊಲಿದ ಜಠರದಲ್ಲಿ ಅವು ಹುಣ್ಣು ಮಾಡಬಲ್ಲವು.