ಕಲಿಕೆಯೋ? ಬಾಯಿಪಾಠವೋ?

ನೊಯ್ಡಾ, ಗುರುಗ್ರಾಮ, ದ್ವಾರಕಾಗಳಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ ಸಾಫ್ಟ್‌ವೇರ್ ಕೆಲಸದ ಮಗನೋ, ಮಗಳೋ, ಸೊಸೆಯೋ, ಅಳಿಯನೋ ಇಲ್ಲದ ಮನೆ ಈಗ ಅಪರೂಪ. ಯುಗಾದಿಯ ಊಟದ ಪಂಕ್ತಿಯಲ್ಲಿ ಕುಳಿತರೆ ಎಡಗಡೆ ಜಾವಾ, ಬಲಗಡೆ ಡಾಟ್ ನೆಟ್, ನಡುವೆ ಒಬ್ಬಟ್ಟು. ಸಂತೋಷಪಡಬೇಕಾದ ಸಂಗತಿಯೇ. ಆದರೂ ಒಂದು ಕಹಿ ಮಾತನ್ನು ಆಡಲೇಬೇಕಾಗಿದೆ. ಬೇವು ಕೂಡ ಆ ದಿನದ ಪ್ರಸಾದವೇ ಅಲ್ಲವೇ?

ನಮ್ಮ ಮಕ್ಕಳು ಪ್ರೋಗ್ರಾಂ ಬರೆಯುವುದನ್ನು ಕಲಿಯುತ್ತಿದ್ದಾರೆ; ಬರೆದದ್ದು ಬಾಳಿಕೆ ಬರುವಂತೆ ಬರೆಯುವುದನ್ನು ಕಲಿಯುತ್ತಿಲ್ಲ. ಅದನ್ನು ಕಲಿಸುವವರು ವಿರಳ. ಕಲಿಸಿರೆಂದು ಕೇಳುವ ತಂದೆತಾಯಿಗಳು ಇನ್ನೂ ವಿರಳ. ಇದು ನಮ್ಮ ಆರೋಪ. ಆರೋಪಿಗಳ ಸಾಲಿನಲ್ಲಿ ನಾವೂ ನಿಂತಿದ್ದೇವೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇವೆ.

ಉದಾಹರಣೆಗೆ ಒಂದೇ ವಿಷಯವನ್ನು ಎತ್ತಿಕೊಳ್ಳೋಣ. ಸಂದರ್ಶನಕ್ಕೆ ಹೊರಟ ಯಾವ ಹುಡುಗನನ್ನಾದರೂ ಕೇಳಿ, 'ಡಿಪೆಂಡೆನ್ಸಿ ಇಂಜೆಕ್ಷನ್' ಎಂದರೇನು ಎಂದು ಥಟ್ಟನೆ ವ್ಯಾಖ್ಯೆ ಒಪ್ಪಿಸುತ್ತಾನೆ. ಸರಿ ಮಗು, ಅದು ಯಾಕೆ ಬೇಕು ಎಂದು ಕೇಳಿ. "ಸ್ಪ್ರಿಂಗ್‌ನಲ್ಲಿ ಹಾಗೇ ಇದೆ ಅಂಕಲ್" ಎನ್ನುತ್ತಾನೆ. ಮಗ್ಗಿಯನ್ನು ಬಾಯಿಪಾಠ ಮಾಡಿ ಅಂಗಡಿಯಲ್ಲಿ ಚಿಲ್ಲರೆ ಎಣಿಸಲಾಗದೆ ನಿಂತಂತಾಯಿತು.

ಹೆಸರು ಕೇಳಿ ಹಿರಿಯರು ಹೆದರಬೇಕಾಗಿಲ್ಲ. ಇಲ್ಲಿ ಸೂಜಿಯೂ ಇಲ್ಲ, ಔಷಧಿಯೂ ಇಲ್ಲ. ದೆಹಲಿಯ ಜೂನ್ ತಿಂಗಳನ್ನು ನೆನೆಯಿರಿ. ಮಧ್ಯರಾತ್ರಿ ಕರೆಂಟು ಹೋಗುತ್ತದೆ, ಇನ್ವರ್ಟರ್ ಎಚ್ಚೆತ್ತುಕೊಳ್ಳುತ್ತದೆ, ಫ್ಯಾನು ತಿರುಗುತ್ತಲೇ ಇರುತ್ತದೆ. ವಿದ್ಯುತ್ತು ಕಂಬದಿಂದ ಬಂತೋ ಬ್ಯಾಟರಿಯಿಂದ ಬಂತೋ ಫ್ಯಾನಿಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ತನಗೆ ಬೇಕಾದುದನ್ನು ಅದು ತಾನೇ ತಯಾರಿಸಿಕೊಳ್ಳುವುದಿಲ್ಲ. ಇಂಥವರೇ ಕೊಡಬೇಕೆಂದು ಹಟ ಹಿಡಿಯುವುದೂ ಇಲ್ಲ. ಇಂಥ ವಿದ್ಯುತ್ತು ಬೇಕು ಎಂದಷ್ಟೇ ಅದರ ಕರಾರು. ಬೇಕಾದುದನ್ನು ಹೊರಗಿನಿಂದ ಒದಗಿಸುವ ಈ ಏರ್ಪಾಡಿಗೇ ಸಾಫ್ಟ್‌ವೇರಿನವರು ಅಷ್ಟು ದೊಡ್ಡ ಹೆಸರಿಟ್ಟಿದ್ದಾರೆ. ಫ್ಯಾನನ್ನು ಕಂಬದ ತಂತಿಗೇ ನೇರವಾಗಿ ಬೆಸೆದುಬಿಟ್ಟಿದ್ದರೆ? ಗಾಳಿಯೇನೋ ಬರುತ್ತಿತ್ತು, ಕರೆಂಟು ಹೋಗುವವರೆಗೆ.

ನಮ್ಮ ಹುಡುಗರು ಬರೆಯುವ ಬಹುಪಾಲು ಪ್ರೋಗ್ರಾಂಗಳು ಹೀಗೆ ಕಂಬಕ್ಕೆ ಬೆಸೆದ ಫ್ಯಾನುಗಳು. ಇದನ್ನು ನಾವು ಪುಸ್ತಕ ಓದಿ ಹೇಳುತ್ತಿಲ್ಲ, ಅನುಭವಿಸಿ ಹೇಳುತ್ತಿದ್ದೇವೆ.

ನಮ್ಮದೊಂದು ಸಣ್ಣ ಗೆಳೆಯರ ಬಳಗ. ಬಳಗದ ಹುಡುಗನೊಬ್ಬ ಬಹಳ ಶ್ರದ್ಧೆಯಿಂದ, ಒಂದು ಕಾಸೂ ಪಡೆಯದೆ, ಸದಸ್ಯರ ಪಟ್ಟಿಯ ಪ್ರೋಗ್ರಾಂ ಬರೆದುಕೊಟ್ಟ. ವಿಳಾಸ, ಫೋನು, ರಕ್ತದ ಗುಂಪು ಎಲ್ಲವೂ ಅದರಲ್ಲಿ. ಚಂದಾ ಜ್ಞಾಪನೆ, ಹಬ್ಬದ ಆಮಂತ್ರಣ, ರಕ್ತ ಬೇಕೆಂಬ ಮನವಿ, ನಿಧನದ ವಾರ್ತೆ, ಎಲ್ಲವೂ ಅದರಿಂದಲೇ ಎಸ್ಸೆಮ್ಮೆಸ್ ಆಗಿ ಹೋಗುತ್ತಿತ್ತು. ಮೊದಲ ವಿಘ್ನ ಬಂದದ್ದು ಪರೀಕ್ಷೆಯಲ್ಲಿ. ಸಂದೇಶವನ್ನು ನಿಜವಾಗಿ ಕಳಿಸದೆ ಪರೀಕ್ಷಿಸುವ ದಾರಿಯೇ ಆ ಪ್ರೋಗ್ರಾಂನಲ್ಲಿರಲಿಲ್ಲ. ರಾತ್ರಿ 11 ಗಂಟೆಗೆ ಎಲ್ಲ ಸದಸ್ಯರಿಗೂ 'ಪರೀಕ್ಷೆ, ಪರೀಕ್ಷೆ' ಎಂಬ ಸಂದೇಶ ಹೋಯಿತು. ಯಾರ ಪರೀಕ್ಷೆ, ಎಂದು ಎಂಬತ್ತರ ಹಿರಿಯರೊಬ್ಬರು ಗಾಬರಿಯಿಂದ ಫೋನು ಮಾಡಿದರು. ನಕ್ಕು ಸುಮ್ಮನಾದೆವು. ಸುಮ್ಮನಾಗಬಾರದಿತ್ತು.

2021ರ ಮಾರ್ಚ್ ಬಂತು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2018ರಲ್ಲಿ ಮಾಡಿದ್ದ ನಿಯಮಗಳ ಪ್ರಕಾರ, ಸಾಮೂಹಿಕ ಸಂದೇಶ ಕಳಿಸುವವರು ತಮ್ಮ ಹೆಸರನ್ನೂ ಸಂದೇಶದ ಮಾದರಿಯನ್ನೂ ಮೊದಲೇ ನೋಂದಾಯಿಸಿರಬೇಕು. ಮಾರ್ಚ್ 8ರಂದು ಅದನ್ನು ಬಿಗಿಯಾಗಿ ಜಾರಿಗೆ ತಂದಾಗ ಬ್ಯಾಂಕುಗಳ ಒಟಿಪಿಗಳೇ ದೇಶಾದ್ಯಂತ ತಡೆದು ನಿಂತವು; ಟ್ರಾಯ್ ಒಂದು ವಾರ ಅದನ್ನು ಮುಂದೂಡಬೇಕಾಯಿತು. ಬ್ಯಾಂಕುಗಳು ತಿದ್ದಿಕೊಂಡವು. ನಮ್ಮ ಬಳಗ ತಿದ್ದಿಕೊಳ್ಳಲಾಗಲಿಲ್ಲ. ಯಾಕೆಂದರೆ ಸಂದೇಶ ಕಳಿಸುವ ಸಾಲುಗಳು ಒಂದೆಡೆ ಇರಲಿಲ್ಲ. ಚಂದಾದ ಭಾಗದಲ್ಲಿ ಒಮ್ಮೆ, ಆಮಂತ್ರಣದ ಭಾಗದಲ್ಲಿ ಒಮ್ಮೆ, ಹೀಗೆ ಹತ್ತೊಂಬತ್ತು ಕಡೆ ಅದೇ ಕಂಪನಿಯ ಹೆಸರು, ಅದೇ ಗುಪ್ತಪದ ಬೆಸೆದುಕೊಂಡಿದ್ದವು. ಬರೆದ ಹುಡುಗ ಅಷ್ಟರಲ್ಲಿ ಪರದೇಶ ಸೇರಿದ್ದ. ಇನ್ನೊಬ್ಬ ಹುಡುಗ ತೆರೆದು ನೋಡಿ, "ಒಂದು ಕಡೆ ಮುಟ್ಟಿದರೆ ಇನ್ನೊಂದು ಕಡೆ ಮುರಿಯುತ್ತೆ, ನಾನು ಕೈ ಹಾಕೋಲ್ಲ ಮಾಮಾ" ಎಂದು ಮುಚ್ಚಿಟ್ಟ.

ಮರು ತಿಂಗಳು ಏನಾಯಿತೆಂದು ದೆಹಲಿಯಲ್ಲಿದ್ದ ಯಾರಿಗೂ ಹೇಳಬೇಕಾಗಿಲ್ಲ. ಆಮ್ಲಜನಕಕ್ಕಾಗಿ, ಹಾಸಿಗೆಗಾಗಿ ಊರೇ ಪರದಾಡುತ್ತಿದ್ದ ಆ ಏಪ್ರಿಲ್‌ನಲ್ಲಿ ಯಾರ ಮನೆಯಲ್ಲಿ ಏನು ಬೇಕು, ಯಾರ ಬಳಿ ಏನಿದೆ ಎಂದು ತಿಳಿಸುವ ಸಾಧನ ನಮ್ಮ ಕೈಯಲ್ಲೇ ಇತ್ತು, ಆದರೆ ಸತ್ತಿತ್ತು. ವಾಟ್ಸಾಪ್ ಇರಲಿಲ್ಲವೇ ಎನ್ನಬಹುದು. ಒಂಟಿಯಾಗಿದ್ದ ಹಿರಿಯರಲ್ಲಿ ಹಲವರ ಕೈಯಲ್ಲಿದ್ದುದು ಗುಂಡಿ ಒತ್ತುವ ಹಳೆಯ ಫೋನು. ನಾವು ನಾಲ್ವರು ಪಟ್ಟಿಯನ್ನು ಕಾಗದಕ್ಕೆ ಬರೆದುಕೊಂಡು ಹಗಲೂ ರಾತ್ರಿ ಒಂದೊಂದೇ ಮನೆಗೆ ಫೋನು ಮಾಡಿದೆವು. ಕೆಲವು ಮನೆಗಳಿಗೆ ತಡವಾಗಿ ಮಾಡಿದೆವು.

ಆ ಹುಡುಗನ ಮೇಲೆ ನಮಗೆ ಕೋಪವಿಲ್ಲ. ಅವನಿಗೆ ಯಾರೂ ಕಲಿಸಿರಲಿಲ್ಲ. ಕಲಿಸಬೇಕಾಗಿದ್ದುದಾದರೂ ಎಷ್ಟು? ಚಂದಾ ಜ್ಞಾಪಿಸುವ ಭಾಗಕ್ಕೆ ಸಂದೇಶ ಒಯ್ಯುವ ದೂತನೊಬ್ಬ ಬೇಕು. ಆ ಭಾಗ 'ನ್ಯೂ' ಎಂದು ಬರೆದು ಇಂಥ ಕಂಪನಿಯ ದೂತನನ್ನು ತನ್ನ ಹೊಟ್ಟೆಯೊಳಗೇ ಹುಟ್ಟಿಸಿಕೊಳ್ಳಬಾರದು. ತಾನು ಹುಟ್ಟುವಾಗ, ಅಂದರೆ ಕನ್‌ಸ್ಟ್ರಕ್ಟರಿನಲ್ಲಿ, 'ನನಗೊಬ್ಬ ದೂತನನ್ನು ಕೊಡಿ' ಎಂದು ಕೇಳಬೇಕು. ಯಾವ ದೂತ ಎಂಬುದನ್ನು ಪ್ರೋಗ್ರಾಂ ಆರಂಭವಾಗುವ ಒಂದೇ ಜಾಗದಲ್ಲಿ ತೀರ್ಮಾನಿಸಬೇಕು. ಹಾಗೆ ಮಾಡಿದ್ದರೆ ನಿಯಮ ಬದಲಾದಾಗ ಹೊಸ ದೂತನನ್ನು ಬರೆದು ಒಂದು ಸಾಲು ತಿದ್ದಿದ್ದರೆ ಸಾಕಾಗುತ್ತಿತ್ತು. ಪರೀಕ್ಷೆಯ ದಿನ ಸಂದೇಶವನ್ನು ಕಳಿಸದೆ ಬರೆದಿಟ್ಟುಕೊಳ್ಳುವ ಹುಸಿ ದೂತನನ್ನು ಕೊಟ್ಟಿದ್ದರೆ ಆ ಹಿರಿಯರ ನಿದ್ದೆಯೂ ಕೆಡುತ್ತಿರಲಿಲ್ಲ.

ಇದು ನಿನ್ನೆ ಮೊನ್ನೆಯ ವಿದ್ಯೆಯೂ ಅಲ್ಲ. ಮೇಲಿನ ಕೆಲಸದ ಭಾಗ ಕೆಳಗಿನ ಸಾಧನಕ್ಕೆ ಅಂಟಿಕೊಳ್ಳಬಾರದು, ಎರಡೂ ಒಂದು ಕರಾರಿಗೆ ಬದ್ಧವಾಗಿರಬೇಕು ಎಂದು ರಾಬರ್ಟ್ ಮಾರ್ಟಿನ್ 1996ರಲ್ಲೇ ಬರೆದರು. 'ಡಿಪೆಂಡೆನ್ಸಿ ಇಂಜೆಕ್ಷನ್' ಎಂಬ ಹೆಸರನ್ನು ನೆಲೆಗೊಳಿಸಿದ್ದು ಮಾರ್ಟಿನ್ ಫೌಲರ್ ಅವರ 2004ರ ಜನವರಿಯ ಲೇಖನ. ಅದೇ ವರ್ಷ ಸ್ಪ್ರಿಂಗ್‌ನ ಮೊದಲ ಆವೃತ್ತಿ ಹೊರಬಂತು. ಎರಡು ದಶಕ ಕಳೆದರೂ ನಮ್ಮ ಮಕ್ಕಳಿಗೆ ತಲುಪಿದ್ದು ಹೆಸರು ಮಾತ್ರ.

ಕನ್ನಡಿಗರಾದ ನಮಗಂತೂ ಈ ಪಾಠ ಇನ್ನೂ ಮುಂಚೆಯೇ ಆಗಬೇಕಿತ್ತು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು, ಅನಂತರ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ಹೊರನಾಡಿನಲ್ಲಿದ್ದ ನಾವು ಗಣಕದಲ್ಲಿ ಕನ್ನಡ ಕಂಡದ್ದು ಅವುಗಳಿಂದ. ಆ ಋಣ ದೊಡ್ಡದು. ಆದರೆ ಆ ಕಾಲದ ಪದ್ಧತಿಯಲ್ಲಿ ಅಕ್ಷರ ಯಾವುದೆಂಬುದು ಫಾಂಟಿನ ಮೇಲೆ ನಿಂತಿತ್ತು. ಒಂದರಲ್ಲಿ ಬರೆದ ಲೇಖನವನ್ನು ಆ ಫಾಂಟಿಲ್ಲದ ಗಣಕದಲ್ಲಿ ತೆರೆದರೆ ಅಮ್ಮನ ಹೆಸರೂ ಇಂಗ್ಲಿಷ್ ಅಕ್ಷರಗಳ ಗೊಬ್ಬರದ ಗುಂಡಿಯಾಗಿ ಕಾಣುತ್ತಿತ್ತು. ಯುನಿಕೋಡ್ ಬೇರೆ ದಾರಿ ಹಿಡಿಯಿತು: ಅಕ್ಷರಕ್ಕೊಂದು ಒಪ್ಪಿತ ಸಂಖ್ಯೆ, ಫಾಂಟು ಹೊರಗಿನಿಂದ. ಕರಾರು ಸ್ಥಿರ, ಒದಗಿಸುವವರು ಯಾರಾದರೂ ಆಗಬಹುದು. ವಿಂಡೋಸ್‌ನಲ್ಲಿ ಅದು ಕನ್ನಡಕ್ಕೆ ಕೈಗೆಟುಕಿದ್ದು 2001ರ ಎಕ್ಸ್‌ಪಿಯಿಂದ. ಹಳೆಯ ಕಡತಗಳನ್ನು ಪರಿವರ್ತಿಸುವ ಕೆಲಸ ಇನ್ನೂ ಎಷ್ಟೋ ಮನೆಗಳಲ್ಲಿ, ಕಚೇರಿಗಳಲ್ಲಿ ಉಳಿದಿದೆ. ಬೆಸೆದದ್ದನ್ನು ಬಿಡಿಸುವ ಖರ್ಚು ಎಷ್ಟೆಂದು ಒಂದು ಭಾಷೆಯ ಜನ ಇದಕ್ಕಿಂತ ಸ್ಪಷ್ಟವಾಗಿ ತಿಳಿಯಲು ಸಾಧ್ಯವೇ?

ಇನ್ನು ಆಕ್ಷೇಪಗಳಿಗೆ ಬರೋಣ.

'ಫ್ರೇಮ್‌ವರ್ಕ್ ಇದೆಯಲ್ಲ, ಅದೇ ಎಲ್ಲ ಮಾಡುತ್ತದೆ' ಎಂಬುದು ಮೊದಲನೆಯದು. ಓಣಿಗೊಂದರಂತೆ ಎದ್ದಿರುವ ತರಬೇತಿ ಅಂಗಡಿಗಳ ಮಂತ್ರವೂ ಇದೇ. 'ಆಟೋವೈರ್ಡ್' ಎಂಬ ಚೀಟಿ ಅಂಟಿಸು, ವಸ್ತು ತಾನಾಗಿ ಬರುತ್ತದೆ! ಎಲ್ಲಿಂದ ಬಂತು, ಯಾರು ತಂದರು, ಬರದಿದ್ದರೆ ಏನು ಮಾಡಬೇಕು ಎಂದು ಕೇಳುವಂತಿಲ್ಲ. ತಮಾಷೆಯೆಂದರೆ, ಅವಶ್ಯಕವಾದುದನ್ನು ಕನ್‌ಸ್ಟ್ರಕ್ಟರಿನಲ್ಲೇ ಬಹಿರಂಗವಾಗಿ ಕೇಳಿ ಪಡೆಯಿರಿ ಎಂದು ಸ್ಪ್ರಿಂಗ್‌ನವರ ಕೈಪಿಡಿಯೇ ಸಲಹೆ ಕೊಡುತ್ತದೆ. ಅದರಲ್ಲೊಂದು ಗುಟ್ಟಿದೆ. ಕೇಳುವ ಪಟ್ಟಿ ಹತ್ತಕ್ಕೇರಿದರೆ ಈ ಭಾಗ ಮಿತಿಮೀರಿ ಕೆಲಸ ಹೊತ್ತಿದೆ ಎಂದು ಕಣ್ಣಿಗೇ ಕಾಣುತ್ತದೆ. ಚೀಟಿ ಅಂಟಿಸುತ್ತ ಹೋದರೆ ಆ ರೋಗ ಒಳಗೇ ಬೆಳೆಯುತ್ತದೆ. ಯಾವ ಫ್ರೇಮ್‌ವರ್ಕ್ ಇಲ್ಲದೆಯೂ ಈ ಪದ್ಧತಿಯನ್ನು ಪಾಲಿಸಬಹುದು. ಮೊದಲು ಕಲಿಯಬೇಕಾದ್ದೂ ಹಾಗೆಯೇ.

'ಸಣ್ಣ ಪ್ರೋಗ್ರಾಂಗೆ ಇಷ್ಟೆಲ್ಲ ಯಾಕೆ?' ಎಂಬುದು ಎರಡನೆಯದು. ಇದರಲ್ಲಿ ಅರ್ಧ ಸತ್ಯವಿದೆ. ಎರಡು ಸಂಖ್ಯೆ ಕೂಡುವುದಕ್ಕೂ ಕರಾರುಪತ್ರ ಬರೆಯುವವರಿದ್ದಾರೆ. ಅವರಿಗೆ ನಮ್ಮ ಬೆಂಬಲವಿಲ್ಲ. ಹೊರಗಿನ ಲೋಕವನ್ನು ಮುಟ್ಟುವ ಜಾಗಗಳಲ್ಲಿ ಮಾತ್ರ, ಅಂದರೆ ಸಂದೇಶ, ಹಣ, ದತ್ತಾಂಶದ ಉಗ್ರಾಣ, ದಿನಾಂಕ, ತೆರಿಗೆಯ ದರಗಳಲ್ಲಿ, ಈ ಎಚ್ಚರ ಬೇಕು. ಅವು ನಮ್ಮನ್ನು ಕೇಳಿ ಬದಲಾಗುವುದಿಲ್ಲ. ಜಿಎಸ್‌ಟಿ 2017ರ ಜುಲೈ 1ರಂದು ಬಂತು, 2025ರ ಸೆಪ್ಟೆಂಬರ್ 22ರಂದು ಅದರ ದರಗಳೇ ಬದಲಾದವು. ದರ ಹೇಳುವವನನ್ನು ಹೊರಗಿಟ್ಟವರು ಒಂದೆಡೆ ತಿದ್ದಿದರು. ದರವನ್ನು ಬಿಲ್ಲಿನ ಲೆಕ್ಕದೊಳಗೆ ಹುಗಿದವರು ಊರೆಲ್ಲ ಅಗೆಯಬೇಕಾಯಿತು.

'ಈಗ ಯಂತ್ರವೇ ಪ್ರೋಗ್ರಾಂ ಬರೆದುಕೊಡುತ್ತದೆ, ಇನ್ನು ಈ ಕಲಿಕೆ ಯಾತಕ್ಕೆ?' ಎಂಬುದು ಹೊಸ ಆಕ್ಷೇಪ. ಯಂತ್ರ ಕ್ಷಣಾರ್ಧದಲ್ಲಿ ಸಾವಿರ ಸಾಲು ಬರೆಯುತ್ತದೆ, ನಿಜ. ಅದು ಫ್ಯಾನನ್ನು ಪ್ಲಗ್ಗಿಗೆ ಸಿಕ್ಕಿಸಿದೆಯೋ ಕಂಬಕ್ಕೆ ಬೆಸೆದಿದೆಯೋ ನೋಡಿ ಹೇಳುವವರು ಯಾರು? ಬರೆಯುವುದು ಅಗ್ಗವಾದಷ್ಟೂ ಬರೆದುದನ್ನು ತೂಗಿ ನೋಡಬಲ್ಲವರ ಬೆಲೆ ಹೆಚ್ಚುತ್ತದೆ. ಬಾಯಿಪಾಠದ ಹುಡುಗನ ಕೆಲಸವನ್ನೇ ಯಂತ್ರ ಮೊದಲು ಕಸಿಯುವುದು; ತಂದೆತಾಯಿಗಳು ಇದನ್ನಾದರೂ ಗಮನಿಸಬೇಕು.

'ಮಾಡಿದ್ದುಣ್ಣೋ ಮಹರಾಯ' ಎಂಬ ಗಾದೆ ಸಾಫ್ಟ್‌ವೇರಿಗೆ ಸಲ್ಲದು. ಇಲ್ಲಿ ಮಾಡಿದವನು ಎರಡು ವರ್ಷದಲ್ಲಿ ಬೇರೆ ಕಂಪನಿಗೆ, ಬೇರೆ ಊರಿಗೆ ಹೊರಟುಬಿಡುತ್ತಾನೆ. ಉಣ್ಣುವವನು ಅವನ ಮುಖವನ್ನೇ ನೋಡದ ಇನ್ನೊಬ್ಬ ಬಡಪಾಯಿ. ವಲಸೆ ಬಂದ ನಮಗೆ ಇದು ಅರ್ಥವಾಗದಿರದು. ಬಾಡಿಗೆ ಮನೆ ಬಿಡುವಾಗ ಮುಂದೆ ಬರುವವರಿಗಾಗಿ ಗುಡಿಸಿ, ಒರೆಸಿ, ಬೀಗದ ಕೈ ಒಪ್ಪಿಸಿ ಬಂದವರಲ್ಲವೇ ನಾವು? ಆ ಮರ್ಯಾದೆಯನ್ನು ಮಕ್ಕಳು ತಮ್ಮ ಕೆಲಸದಲ್ಲೂ ತೋರಲಿ ಎಂದು ಬಯಸುವುದು ಹೆಚ್ಚೇನಲ್ಲ.

ಬರಿಯ ದೂಷಣೆಯಿಂದ ಪ್ರಯೋಜನವಿಲ್ಲ, ಆದ್ದರಿಂದ ಒಂದು ಸಲಹೆ. ಸಂಘದ ಸಭಾಂಗಣ ಭಾನುವಾರ ಬೆಳಿಗ್ಗೆ ನಾಟಕದ ತಾಲೀಮಿಲ್ಲದ ದಿನಗಳಲ್ಲಿ ಖಾಲಿಯಿರುತ್ತದೆ. ನಾಲ್ಕು ಭಾನುವಾರ ಕೊಡಲಿ. ಮೊದಲ ವಾರ ಹುಡುಗರು ಸದಸ್ಯರ ಪಟ್ಟಿಯ ಸಣ್ಣ ಪ್ರೋಗ್ರಾಂ ಒಂದನ್ನು ತಮಗೆ ತಿಳಿದಂತೆ ಬರೆಯಲಿ. ಎರಡನೆಯ ವಾರ ಸಂದೇಶದ ಕಂಪನಿ ಬದಲಾಯಿತೆಂದು ಹೇಳಿ, ಒಬ್ಬರು ಬರೆದುದನ್ನು ಇನ್ನೊಬ್ಬರು ತಿದ್ದಲಿ; ನೋವು ಎಲ್ಲಿದೆಯೆಂದು ತಾನಾಗಿಯೇ ತಿಳಿಯುತ್ತದೆ. ಮೂರನೆಯ ವಾರ ದೂತನನ್ನು ಹೊರಗಿನಿಂದ ಕೊಡುವಂತೆ, ಫ್ರೇಮ್‌ವರ್ಕ್ ಮುಟ್ಟದೆ, ಕೈಯಾರೆ ಮತ್ತೆ ಬರೆಯಲಿ. ನಾಲ್ಕನೆಯ ವಾರ ಹುಸಿ ದೂತನನ್ನಿಟ್ಟು ಪರೀಕ್ಷೆ ಮಾಡಲಿ. ಪಾಠ ಕನ್ನಡದಲ್ಲೇ ನಡೆಯಲಿ. ದೂತ, ಕರಾರು, ಉಗ್ರಾಣ ಎಂಬ ಮಾತುಗಳಲ್ಲಿ ತಿಳಿಯದ ತತ್ತ್ವ ಇದರಲ್ಲೇನೂ ಇಲ್ಲ.

ನಮ್ಮಲ್ಲಿ ಹತ್ತಿಪ್ಪತ್ತು ವರ್ಷ ಈ ಕೆಲಸದಲ್ಲಿ ಪಳಗಿದವರು ಬೇಕಾದಷ್ಟು ಮಂದಿ ಇದ್ದಾರೆ. ರಾಜ್ಯೋತ್ಸವದಲ್ಲಿ ಶಾಲು ಹೊದ್ದು ಫೋಟೋಕ್ಕೆ ನಿಲ್ಲುವ ಉತ್ಸಾಹದಲ್ಲಿ ನಾಲ್ಕನೆಯ ಒಂದು ಪಾಲನ್ನು ಇದಕ್ಕೆ ಕೊಟ್ಟರೆ ಸಾಕು. ಕಲಿಸಲು ಒಪ್ಪುವವರು ಬರುವ ಸಂಚಿಕೆಯೊಳಗೆ ಸಂಘದ ಕಚೇರಿಯಲ್ಲಿ ಹೆಸರು ಕೊಡಲಿ. ಮೊದಲ ಭಾನುವಾರದ ಅಭ್ಯಾಸಕ್ಕೆ ನಮ್ಮ ಬಳಗದ ಆ ಹಳೆಯ ಪ್ರೋಗ್ರಾಂ ಸಿದ್ಧವಾಗಿದೆ. ಹತ್ತೊಂಬತ್ತು ಬೆಸುಗೆಗಳೂ ಹಾಗೆಯೇ ಇವೆ.